ತರಗತಿಯಲ್ಲಿ ಬರೆದ ಉತ್ತರ, ಪರದೆಯ ಮೇಲಿನ ಶೇಕಡಾವಾರು



ಸಾರ್ವಜನಿಕ ಆರೋಗ್ಯದ ಬಗ್ಗೆ ಮಾತನಾಡಬೇಕೆಂದು ಹೇಳಿ, ವಿಷಯದ ಆಯ್ಕೆಯನ್ನು ನನಗೇ ಬಿಟ್ಟಿರಿ. ನಾನು ಆರಿಸಿಕೊಂಡಿರುವುದು ಅಮೆರಿಕದ ಒಂದು ಸಮೀಕ್ಷೆಯನ್ನು. ಅಲ್ಲಿನ ಹೈಸ್ಕೂಲು ಮಕ್ಕಳ ಲೆಕ್ಕ ನಮಗೇಕೆ ಎಂದು ಯಾರಿಗಾದರೂ ಅನ್ನಿಸಬಹುದು. ಮೂರು ದಶಕಗಳಿಗೂ ಮೀರಿ ಮಕ್ಕಳನ್ನೇ ಕೇಳಿ, ಅವರು ಹೇಳಿದ್ದನ್ನು ಯಾರು ಬೇಕಾದರೂ ತೆರೆದು ನೋಡುವಂತೆ, ತಮಗೆ ಬೇಕಾದ ಹಾಗೆ ವಿಂಗಡಿಸಿ ಕೇಳುವಂತೆ ಅಂತರ್ಜಾಲದಲ್ಲಿ ಇಟ್ಟ ಕೆಲಸ ಅದು. ಇಂಥದ್ದು ನಮ್ಮ ಮಕ್ಕಳಿಗೂ ಬೇಕು ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ಅದು ಬರುವ ಮೊದಲು, ಇರುವುದನ್ನು ಹೇಗೆ ಓದಬೇಕು ಎಂಬುದನ್ನು ನಾವು ಕಲಿತಿರಬೇಕು. ಇವತ್ತಿನ ಮಾತಿನ ಬಹುಪಾಲು ಆ ಓದಿನ ಬಗ್ಗೆಯೇ.

ಅಮೆರಿಕದ ರೋಗ ನಿಯಂತ್ರಣ ಮತ್ತು ತಡೆ ಕೇಂದ್ರ, ಅಂದರೆ ನಾವು ಕೋವಿಡ್ ಕಾಲದಲ್ಲಿ ದಿನಾ ಹೆಸರು ಕೇಳಿದ ಸಿಡಿಸಿ, 1990ರಲ್ಲಿ ಹದಿಹರೆಯದವರ ಆರೋಗ್ಯದ ಅಪಾಯಗಳನ್ನು ಗಮನಿಸುವ ಒಂದು ವ್ಯವಸ್ಥೆಯನ್ನು ರೂಪಿಸಿತು. ಅದರ ಸಮೀಕ್ಷೆಗೆ ವೈಆರ್‌ಬಿಎಸ್ ಎಂದು ಹೆಸರು. ಮೊದಲ ರಾಷ್ಟ್ರಮಟ್ಟದ ಸಮೀಕ್ಷೆ ನಡೆದದ್ದು 1991ರಲ್ಲಿ. ಅಲ್ಲಿಂದ ಎರಡು ವರ್ಷಕ್ಕೊಮ್ಮೆ ನಡೆಯುತ್ತ ಬಂದಿದೆ. ಒಂಬತ್ತರಿಂದ ಹನ್ನೆರಡನೇ ತರಗತಿಯವರೆಗಿನ, ನಮ್ಮ ಲೆಕ್ಕದಲ್ಲಿ ಒಂಬತ್ತನೇ ಇಯತ್ತೆಯಿಂದ ದ್ವಿತೀಯ ಪಿಯುಸಿವರೆಗಿನ ಮಕ್ಕಳು ಇದರಲ್ಲಿ ಉತ್ತರಿಸುತ್ತಾರೆ. ಮೊದಲು ಕೌಂಟಿಗಳನ್ನು, ಆಮೇಲೆ ಅವುಗಳೊಳಗಿನ ಶಾಲೆಗಳನ್ನು, ಆಮೇಲೆ ಶಾಲೆಯೊಳಗಿನ ತರಗತಿಗಳನ್ನು ಚೀಟಿ ಎತ್ತಿದಂತೆ ಆರಿಸುತ್ತಾರೆ. ಆರಿಸಿದ ತರಗತಿಯಲ್ಲಿ ಎಲ್ಲ ಮಕ್ಕಳಿಗೂ ಪ್ರಶ್ನೆಗಳು ಹೋಗುತ್ತವೆ. ಹೆಸರು ಬರೆಯುವಂತಿಲ್ಲ. ಇಷ್ಟವಿಲ್ಲದವರು ಬಿಡಬಹುದು. ಒಂದು ಪೀರಿಯಡ್ಡಿನಲ್ಲಿ ಕೆಲಸ ಮುಗಿಯುತ್ತದೆ. ಸಿಗರೇಟು, ಮದ್ಯ, ಸೀಟ್‌ಬೆಲ್ಟು, ಹೊಡೆದಾಟ, ಊಟ, ನಿದ್ದೆ, ಲೈಂಗಿಕ ನಡವಳಿಕೆ, ಆತ್ಮಹತ್ಯೆಯ ಯೋಚನೆ, ಹೀಗೆ ಮನೆಯಲ್ಲಿ ತಂದೆ ತಾಯಿ ಬಾಯಿ ಬಿಟ್ಟು ಕೇಳಲಾಗದ ಪ್ರಶ್ನೆಗಳನ್ನೆಲ್ಲ ಕೇಳುತ್ತಾರೆ. ಇದಲ್ಲದೆ ರಾಜ್ಯಗಳು ಮತ್ತು ಕೆಲವು ದೊಡ್ಡ ನಗರಗಳ ಶಾಲಾ ಆಡಳಿತಗಳು ತಮ್ಮದೇ ಮಾದರಿ ತೆಗೆದು ಇದೇ ಸಮೀಕ್ಷೆಯನ್ನು ಬೇರೆಯಾಗಿ ನಡೆಸುತ್ತವೆ.

ಫಲಿತಾಂಶ ನೋಡುವ ಸಲಕರಣೆ ಬಹಳ ಸರಳ. ಜಾಲತಾಣದಲ್ಲಿ ಒಂದು ಪ್ರಶ್ನೆಯನ್ನು ಆರಿಸಿಕೊಳ್ಳಬೇಕು, ಜಾಗವನ್ನು ಆರಿಸಿಕೊಳ್ಳಬೇಕು, ವರ್ಷವನ್ನು ಆರಿಸಿಕೊಳ್ಳಬೇಕು. ಹುಡುಗರು, ಹುಡುಗಿಯರು, ತರಗತಿ, ಜನಾಂಗ ಎಂದು ಬಿಡಿಸಿ ನೋಡಬಹುದು. ಎರಡು ರಾಜ್ಯಗಳನ್ನು ಪಕ್ಕಪಕ್ಕದಲ್ಲಿ ಇಡಬಹುದು. ಪ್ರತಿ ಅಂಕಿಯ ಜೊತೆ ಅದರ ಮೇಲಿನ ಮತ್ತು ಕೆಳಗಿನ ಮಿತಿ, ಎಷ್ಟು ಮಕ್ಕಳು ಉತ್ತರಿಸಿದರು ಎಂಬ ಸಂಖ್ಯೆ ಇರುತ್ತದೆ. ಒಂದು ಗುಂಪಿನಲ್ಲಿ ಉತ್ತರಿಸಿದವರು ತೀರಾ ಕಡಿಮೆಯಿದ್ದರೆ ಅಂಕಿಯನ್ನು ತೋರಿಸುವುದೇ ಇಲ್ಲ. ಇಷ್ಟೂ ಸಾಲದೆನಿಸಿದವರು ಹೆಸರಿಲ್ಲದ ಮೂಲ ದತ್ತಾಂಶವನ್ನೇ ಇಳಿಸಿಕೊಂಡು ಲೆಕ್ಕ ಹಾಕಬಹುದು, ಒಂದು ಪೈಸೆ ಕೊಡಬೇಕಿಲ್ಲ. ಹುಬ್ಬಳ್ಳಿಯಲ್ಲೋ ಶಿವಮೊಗ್ಗದಲ್ಲೋ ಎಂಎಸ್ಸಿ ಓದುವ ವಿದ್ಯಾರ್ಥಿಗೂ ಅಟ್ಲಾಂಟಾದ ಸಿಡಿಸಿ ಸಂಶೋಧಕರಿಗೂ ಸಿಗುವುದು ಒಂದೇ ಕಡತ. ಈ ಸಮಾನತೆಗೆ ನಾನು ಬಹಳ ಬೆಲೆ ಕೊಡುತ್ತೇನೆ.

ಈಗ ಒಂದು ಅಂಕಿಯನ್ನು ಕೈಗೆತ್ತಿಕೊಳ್ಳೋಣ. 2021ರ ಸಮೀಕ್ಷೆಯ ಫಲಿತಾಂಶ ಹೊರಬಂದಾಗ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಸುದ್ದಿಯಾದದ್ದು ಶೇ 42 ಎಂಬ ಸಂಖ್ಯೆ. ಹುಡುಗಿಯರಲ್ಲಿ ಅದು ಶೇ 57, ಹುಡುಗರಲ್ಲಿ ಶೇ 29. ಹತ್ತು ವರ್ಷ ಹಿಂದೆ, 2011ರಲ್ಲಿ, ಒಟ್ಟು ಶೇ 28 ಇತ್ತು. ಹುಡುಗಿಯರಲ್ಲಿ ಶೇ 36, ಹುಡುಗರಲ್ಲಿ ಶೇ 21. ಅನೇಕರು ಇದನ್ನು ಇಷ್ಟು ಮಕ್ಕಳಿಗೆ ಖಿನ್ನತೆಯ ಕಾಯಿಲೆ ಇದೆ ಎಂದು ಓದಿಕೊಂಡರು. ಸಲಕರಣೆಯಲ್ಲಿ ಆ ಅಂಕಿಯ ಹಿಂದೆ ಇರುವ ಪ್ರಶ್ನೆಯನ್ನು ತೆರೆದು ನೋಡಿದರೆ ಬೇರೆಯೇ ಕಾಣುತ್ತದೆ. ಕಳೆದ ಹನ್ನೆರಡು ತಿಂಗಳಲ್ಲಿ ಯಾವಾಗಲಾದರೂ, ಸತತ ಎರಡು ವಾರ ಅಥವಾ ಅದಕ್ಕೂ ಹೆಚ್ಚು ಕಾಲ, ಹೆಚ್ಚುಕಡಿಮೆ ಪ್ರತಿದಿನ, ದಿನನಿತ್ಯದ ಕೆಲವು ಕೆಲಸಗಳನ್ನು ನಿಲ್ಲಿಸುವಷ್ಟು ದುಃಖ ಅಥವಾ ಹತಾಶೆ ನಿನ್ನನ್ನು ಕಾಡಿತ್ತೇ ಎಂದು ಕೇಳಿರುತ್ತಾರೆ. ಹೌದು ಅಥವಾ ಇಲ್ಲ, ಇಷ್ಟೇ ಉತ್ತರ. ವೈದ್ಯರು ಮಾಡುವ ರೋಗನಿರ್ಣಯ ಇದಲ್ಲ. ಹಾಗೆಂದು ಇದನ್ನು ಹಗುರವಾಗಿ ತೆಗೆದುಕೊಳ್ಳುವಂತೆಯೂ ಇಲ್ಲ. ಹದಿನೈದು ವರ್ಷದ ಹುಡುಗಿಯೊಬ್ಬಳು ಎರಡು ವಾರ ಆಟ ಬಿಟ್ಟು, ಗೆಳತಿಯರನ್ನು ಬಿಟ್ಟು ಕೂತಿದ್ದಾಳೆ ಎಂದರೆ ಅದಕ್ಕೆ ಕಾಯಿಲೆಯ ಹೆಸರು ಇಟ್ಟರೂ ಇಡದಿದ್ದರೂ ಅವಳ ಪಕ್ಕದಲ್ಲಿ ಒಬ್ಬ ದೊಡ್ಡವರು ಇರಬೇಕಾಗುತ್ತದೆ. ಪ್ರಶ್ನೆಯ ಪೂರ್ತಿ ವಾಕ್ಯವನ್ನು ಓದಿದವರಿಗೆ ಈ ಚಿತ್ರ ಸಿಗುತ್ತದೆ, ಶೇಕಡಾವಾರನ್ನು ಮಾತ್ರ ಓದಿದವರಿಗೆ ಸಿಗುವುದಿಲ್ಲ.

2023ರಲ್ಲಿ ಇದೇ ಅಂಕಿ ಶೇ 40ಕ್ಕೆ ಬಂತು. ಹುಡುಗಿಯರಲ್ಲಿ ಶೇ 53, ಹುಡುಗರಲ್ಲಿ ಶೇ 28. ಇಳಿಯಿತು ಎಂದು ಸಮಾಧಾನ ಪಡಬಹುದೇ? ಇಲ್ಲಿ ಆ ಮೇಲಿನ ಕೆಳಗಿನ ಮಿತಿಗಳು ಕೆಲಸಕ್ಕೆ ಬರುತ್ತವೆ. 2023ರಲ್ಲಿ ಉತ್ತರಿಸಿದವರು 20,103 ವಿದ್ಯಾರ್ಥಿಗಳು. ಇಡೀ ದೇಶದಿಂದ ಒಬ್ಬೊಬ್ಬರನ್ನಾಗಿ ಆರಿಸಿದ್ದರೆ ಇಷ್ಟು ದೊಡ್ಡ ಮಾದರಿಯಲ್ಲಿ ಅಂಕಿ ಅತ್ತಿತ್ತ ಸರಿಯಬಹುದಾದ ಅಂತರ ಒಂದು ಶೇಕಡಾ ಅಂಶಕ್ಕಿಂತ ಕಡಿಮೆ, ಸುಮಾರು 0.7 ಇರುತ್ತಿತ್ತು. ಆದರೆ ಆರಿಸಿದ್ದು ತರಗತಿಗಳನ್ನು. ಒಂದೇ ತರಗತಿಯ ಮಕ್ಕಳು ಒಂದೇ ಊರಿನವರು, ಒಂದೇ ಮೇಷ್ಟ್ರ ಕೈಕೆಳಗಿನವರು, ಒಬ್ಬರನ್ನೊಬ್ಬರು ನೋಡಿ ಬೆಳೆದವರು. ಅವರ ಉತ್ತರಗಳಲ್ಲಿ ಹೋಲಿಕೆ ಇರುತ್ತದೆ. ಹಾಗಾಗಿ ಮೂವತ್ತು ಮಕ್ಕಳ ಉತ್ತರಕ್ಕೆ ಬೇರೆ ಬೇರೆ ಊರಿನ ಮೂವತ್ತು ಮಕ್ಕಳಷ್ಟು ಬಲವಿರುವುದಿಲ್ಲ, ಮಿತಿಗಳು ಇನ್ನಷ್ಟು ಅಗಲವಾಗುತ್ತವೆ. ಒಂದು ರಾಜ್ಯದೊಳಗೆ, ಒಂದು ತರಗತಿಯೊಳಗೆ, ಹುಡುಗಿಯರನ್ನು ಮಾತ್ರ ಬೇರ್ಪಡಿಸಿ ನೋಡಹೊರಟರೆ ಮತ್ತೂ ಅಗಲ. ಎರಡು ವರ್ಷಗಳ ಮಿತಿಗಳು ಒಂದರ ಮೇಲೊಂದು ಬಹಳಷ್ಟು ಹಾಯ್ದಿರುವಾಗ ಏರಿತು, ಇಳಿಯಿತು ಎಂದು ಪತ್ರಿಕಾಗೋಷ್ಠಿ ಕರೆಯುವುದು ಅವಸರದ ಕೆಲಸ. ಸಲಕರಣೆ ಪ್ರತಿ ಹೆಜ್ಜೆಯಲ್ಲೂ ಬಿಡಿಸಿ ಬಿಡಿಸಿ ನೋಡಲು ಕರೆಯುತ್ತದೆ, ಬಿಡಿಸಿದಷ್ಟೂ ಉತ್ತರ ಸಡಿಲವಾಗುತ್ತದೆ. ವಿದ್ಯಾರ್ಥಿಗಳು ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕೆಂದು ಕೇಳಿಕೊಳ್ಳುತ್ತೇನೆ.

ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಇನ್ನೊಂದು ಸಾಲು. ಶಾಲೆಯಲ್ಲಿ ಇತರರು ಪೀಡಿಸಿದರು, ಹಂಗಿಸಿದರು ಎಂದು ಹೇಳಿದ ಮಕ್ಕಳು 2019ರಲ್ಲಿ ಶೇ 19.5 ಇದ್ದರು. 2021ರಲ್ಲಿ ಅದು ಶೇ 15ಕ್ಕೆ ಇಳಿಯಿತು. 2023ರಲ್ಲಿ ಮತ್ತೆ ಶೇ 19. ಗೆರೆಯನ್ನು ಮಾತ್ರ ನೋಡಿದವರು 2021ರಲ್ಲಿ ಯಾವುದೋ ಒಳ್ಳೆಯ ಕಾರ್ಯಕ್ರಮ ಫಲ ಕೊಟ್ಟಿತು, ಆಮೇಲೆ ಅದನ್ನು ಕೈಬಿಟ್ಟರು ಎಂದು ಭಾವಿಸಬಹುದು. ನಡೆದದ್ದು ಏನು? ಕೋವಿಡ್‌ನಿಂದಾಗಿ ಆ ವರ್ಷದ ಸಮೀಕ್ಷೆ ಎಂದಿನಂತೆ ವಸಂತದಲ್ಲಿ ನಡೆಯದೆ ಸೆಪ್ಟೆಂಬರಿನಿಂದ ಡಿಸೆಂಬರಿನ ನಡುವೆ ನಡೆಯಿತು. ಪ್ರಶ್ನೆ ಕೇಳುವುದು ಹಿಂದಿನ ಹನ್ನೆರಡು ತಿಂಗಳ ಬಗ್ಗೆ. ಆ ಹನ್ನೆರಡು ತಿಂಗಳಲ್ಲಿ ಅಮೆರಿಕದ ಎಷ್ಟೋ ಶಾಲೆಗಳು ತಿಂಗಳುಗಟ್ಟಲೆ ಬಾಗಿಲು ಹಾಕಿದ್ದವು. ಶಾಲೆಗೇ ಹೋಗದ ಮಗುವನ್ನು ಶಾಲೆಯ ಆವರಣದಲ್ಲಿ ಯಾರು ಪೀಡಿಸುತ್ತಾರೆ? ಆ ಇಳಿಕೆಯ ದೊಡ್ಡ ಪಾಲಿಗೆ ಮುಚ್ಚಿದ ಬಾಗಿಲೇ ಕಾರಣವಾಗಿರಬೇಕು ಎಂದು ನಾನು ಓದುತ್ತೇನೆ. ಋತು ಬದಲಾದದ್ದರಿಂದ ಇನ್ನೊಂದು ಸೂಕ್ಷ್ಮವೂ ಸೇರಿಕೊಂಡಿತು. ವಸಂತದಲ್ಲಿ ಉತ್ತರಿಸುವ ಒಂಬತ್ತನೆಯವನು ಹೈಸ್ಕೂಲಿನಲ್ಲಿ ಬಹುಪಾಲು ವರ್ಷ ಕಳೆದಿರುತ್ತಾನೆ. ಸೆಪ್ಟೆಂಬರಿನಲ್ಲಿ ಉತ್ತರಿಸುವವನು ಹೊಸದಾಗಿ ಕಾಲಿಟ್ಟಿರುತ್ತಾನೆ, ವಯಸ್ಸಿನಲ್ಲೂ ಕೆಲವು ತಿಂಗಳು ಚಿಕ್ಕವನು. ಪರದೆಯ ಮೇಲೆ ಇಬ್ಬರೂ ‘ಒಂಬತ್ತನೇ ತರಗತಿ’ ಎಂಬ ಒಂದೇ ಕಂಬದಲ್ಲಿ ನಿಂತಿರುತ್ತಾರೆ.

ಸಿಗರೇಟಿನ ಕಥೆಯನ್ನು ಬೇಗ ಹೇಳಿ ಮುಗಿಸುತ್ತೇನೆ. ಹಿಂದಿನ ತಿಂಗಳಲ್ಲಿ ಒಮ್ಮೆಯಾದರೂ ಸಿಗರೇಟು ಸೇದಿದವರು 1991ರಲ್ಲಿ ಶೇ 27.5, 1997ರಲ್ಲಿ ಶೇ 36.4. ಅಲ್ಲಿಂದ ಇಳಿಯುತ್ತ ಇಳಿಯುತ್ತ 2021ಕ್ಕೆ ಶೇ 3.8. ಸಾರ್ವಜನಿಕ ಆರೋಗ್ಯದ ಚರಿತ್ರೆಯಲ್ಲಿ ಇಷ್ಟು ಸುಂದರವಾದ ಗೆರೆಗಳು ಕೆಲವೇ ಕೆಲವು. ಆದರೆ ಇ-ಸಿಗರೇಟಿನ ಬಗ್ಗೆ ಸಮೀಕ್ಷೆ ಮೊದಲ ಬಾರಿ ಕೇಳಿದ್ದು 2015ರಲ್ಲಿ, ಕೇಳಿದ ಕೂಡಲೇ ಸಿಕ್ಕಿದ್ದು ಶೇ 24.1. 2019ರಲ್ಲಿ ಶೇ 32.7. ಕೇಳುವವರೆಗೂ ಆ ಮಕ್ಕಳು ಯಾವ ಗೆರೆಯಲ್ಲೂ ಇರಲಿಲ್ಲ.

ಸಲಕರಣೆಯ ಪರದೆಯಲ್ಲಿ ಎದ್ದು ಕಾಣದ, ಆದರೆ ವಿಧಾನದ ಟಿಪ್ಪಣಿಯಲ್ಲಿ ಪ್ರಾಮಾಣಿಕವಾಗಿ ಬರೆದಿಟ್ಟ ಒಂದು ಲೆಕ್ಕವಿದೆ. 2021ರಲ್ಲಿ ಆಯ್ಕೆಯಾದ ಶಾಲೆಗಳ ಪೈಕಿ ಶೇ 72.7 ಒಪ್ಪಿಕೊಂಡವು, ಒಪ್ಪಿದ ಶಾಲೆಗಳ ಮಕ್ಕಳಲ್ಲಿ ಶೇ 79.1 ಉತ್ತರಿಸಿದರು. ಎರಡನ್ನೂ ಗುಣಿಸಿದರೆ ಒಟ್ಟು ಶೇ 57.5. 2023ರಲ್ಲಿ ಒಪ್ಪಿದ ಶಾಲೆಗಳು ಶೇ 49.8, ಉತ್ತರಿಸಿದ ಮಕ್ಕಳು ಶೇ 71, ಒಟ್ಟು ಶೇ 35.4. ಅಂದರೆ ಕೇಳಬೇಕೆಂದುಕೊಂಡವರಲ್ಲಿ ಮೂರರಲ್ಲಿ ಒಂದು ಪಾಲಿಗಿಂತ ತುಸು ಹೆಚ್ಚು ಮಾತ್ರ ಕೇಳಿಸಿತು. ಉತ್ತರಿಸಿದವರಿಗೆ ತೂಕ ಕೊಟ್ಟು, ಲಿಂಗ, ತರಗತಿ, ಜನಾಂಗಗಳ ಪ್ರಮಾಣ ದೇಶದ ಪ್ರಮಾಣಕ್ಕೆ ಹೊಂದುವಂತೆ ಸರಿದೂಗಿಸುತ್ತಾರೆ. ಅದು ಗಟ್ಟಿಯಾದ ವಿಧಾನವೇ. ಆದರೂ ತೂಕ ಸರಿಪಡಿಸಬಲ್ಲದ್ದು ನಮಗೆ ಗೊತ್ತಿರುವ ವ್ಯತ್ಯಾಸಗಳನ್ನು ಮಾತ್ರ. ಆ ದಿನ ಶಾಲೆಗೆ ಬಾರದೆ ಮನೆಯಲ್ಲಿ ಮಲಗಿದ್ದ ಹುಡುಗಿ ಬಂದಿದ್ದವಳಿಗಿಂತ ಹೆಚ್ಚು ಕುಗ್ಗಿದ್ದಳೇ ಎಂಬುದನ್ನು ಯಾವ ತೂಕವೂ ಹೇಳಲಾರದು. ಗೈರುಹಾಜರಿ, ಶಾಲೆ ಬಿಡುವುದು, ಮನೆಯಲ್ಲೇ ಓದುವುದು, ಇವೆಲ್ಲದರ ಹಿಂದೆಯೂ ಕೆಲವೊಮ್ಮೆ ಆರೋಗ್ಯವೇ ಕಾರಣವಾಗಿರುತ್ತದೆ. ಸಮೀಕ್ಷೆ ಹುಡುಕುತ್ತಿರುವ ನೋವೇ ಮಗುವನ್ನು ಸಮೀಕ್ಷೆಯಿಂದ ಹೊರಗಿಡಬಹುದು. ಶೇಕಡಾವಾರಿನ ಕೆಳಗಿನ ಸಂಖ್ಯೆಯಲ್ಲಿ ಯಾರಿದ್ದಾರೆ, ಯಾರಿಲ್ಲ ಎಂದು ಕೇಳದೆ ಯಾವ ಅಂಕಿಯನ್ನೂ ನಂಬಬೇಡಿ ಎಂದು ನನ್ನ ವಿದ್ಯಾರ್ಥಿಗಳಿಗೆ ನಾನು ಹೇಳುತ್ತ ಬಂದಿದ್ದೇನೆ.

ಒಳಗಿರುವವರನ್ನು ಗುಂಪು ಮಾಡುವ ರೀತಿಯಲ್ಲೂ ಮಕ್ಕಳು ಮರೆಯಾಗುತ್ತಾರೆ. ವಾಷಿಂಗ್ಟನ್ ರಾಜ್ಯದ ಬೆಲ್‌ವ್ಯೂ, ರೆಡ್ಮಂಡ್ ಕಡೆ ನೆಲೆಸಿದ ಕನ್ನಡ ಮನೆಗಳು ಬಹಳ. ಅಲ್ಲಿನ ಮಗುವೊಂದು ಸಮೀಕ್ಷೆಯಲ್ಲಿ ಉತ್ತರಿಸಿದರೆ ರಾಷ್ಟ್ರಮಟ್ಟದ ಫಲಿತಾಂಶದಲ್ಲಿ ಅದು ‘ಏಷ್ಯನ್’ ಎಂಬ ಗುಂಪಿಗೆ ಸೇರುತ್ತದೆ. ಕೊರಿಯಾ, ವಿಯೆಟ್ನಾಂ, ಚೀನಾ, ಫಿಲಿಪ್ಪೀನ್ಸ್, ಭಾರತ, ಎಲ್ಲ ಮೂಲದ ಮಕ್ಕಳೂ ಆ ಒಂದು ಹೆಸರಿನಡಿ. ಯುದ್ಧದಿಂದ ನಿರಾಶ್ರಿತರಾಗಿ ಬಂದ ಕುಟುಂಬದ ಮೊಮ್ಮಗ, ಸಾಫ್ಟ್‌ವೇರ್ ಎಂಜಿನಿಯರರ ಮಗಳು ಇಬ್ಬರ ಸರಾಸರಿಯನ್ನು ನೋಡಿ ನಮ್ಮ ಮಕ್ಕಳು ಚೆನ್ನಾಗಿದ್ದಾರೆ ಎಂದು ಯಾವ ಕನ್ನಡ ಸಂಘವೂ ನೆಮ್ಮದಿಯಾಗಿ ಕೂರಬಾರದು. ಆ ರಾಜ್ಯಕ್ಕೆ ತನ್ನದೇ ಆದ ಹೆಲ್ದಿ ಯೂತ್ ಸರ್ವೆ ಇದೆ. ಆರು, ಎಂಟು, ಹತ್ತು, ಹನ್ನೆರಡನೇ ತರಗತಿಗಳಲ್ಲಿ ನಡೆಯುತ್ತದೆ. ಅದರ ಉತ್ತರಗಳನ್ನು ನೋಡಲು ‘ಆಸ್ಕ್ ಎಚ್‌ವೈಎಸ್’ ಎಂಬ ಪ್ರತ್ಯೇಕ ಜಾಲತಾಣವನ್ನೇ ಇಟ್ಟಿದ್ದಾರೆ. ಅಲ್ಲಿರುವ ನಮ್ಮವರು ತಮ್ಮ ಕೌಂಟಿಯ ಫಲಿತಾಂಶವನ್ನು ತೆರೆದು, ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಬೇಕೆಂಬುದು ನನ್ನ ಮನವಿ. ನಿಮ್ಮ ಶಾಲೆಯಲ್ಲೂ ಹೀಗೇ ಇದೆಯೇ ಎಂದು ಕೇಳಲು ಇದಕ್ಕಿಂತ ಸಹಜವಾದ ನೆಪ ಸಿಗುವುದಿಲ್ಲ.

ಅಂತರ್ಜಾಲದಲ್ಲಿ ಇಟ್ಟದ್ದು ಅಲ್ಲೇ ಇರುತ್ತದೆ ಎಂದು ನಾವೆಲ್ಲ ಭಾವಿಸಿದ್ದೆವು. 2025ರ ಜನವರಿ 31ರಂದು, ಲಿಂಗದ ಗುರುತಿನ ಕುರಿತು ಆಗಷ್ಟೇ ಅಧಿಕಾರಕ್ಕೆ ಬಂದಿದ್ದ ಅಮೆರಿಕದ ಅಧ್ಯಕ್ಷರು ಹೊರಡಿಸಿದ ಆದೇಶದ ಹಿನ್ನೆಲೆಯಲ್ಲಿ, ಸಿಡಿಸಿಯ ಅನೇಕ ಪುಟಗಳ ಜೊತೆ ಈ ಸಮೀಕ್ಷೆಯ ಪುಟಗಳೂ ಕಣ್ಮರೆಯಾದವು. 2023ರ ಸಮೀಕ್ಷೆಯಲ್ಲಿ ತೃತೀಯಲಿಂಗಿ ಎಂದು ಗುರುತಿಸಿಕೊಳ್ಳುವೆಯಾ ಎಂಬ ಪ್ರಶ್ನೆ ರಾಷ್ಟ್ರಮಟ್ಟದಲ್ಲಿ ಮೊದಲ ಬಾರಿ ಸೇರಿತ್ತು. ಆ ವರ್ಷ ಲಿಂಗ ಮತ್ತು ಲೈಂಗಿಕ ಅಲ್ಪಸಂಖ್ಯಾತ ವಿದ್ಯಾರ್ಥಿಗಳಲ್ಲಿ ಶೇ 65ರಷ್ಟು ಜನ ಸತತ ದುಃಖ ಅಥವಾ ಹತಾಶೆಯನ್ನು ಹೇಳಿಕೊಂಡಿದ್ದರು. ‘ಡಾಕ್ಟರ್ಸ್ ಫಾರ್ ಅಮೆರಿಕ’ ಎಂಬ ವೈದ್ಯರ ಸಂಘಟನೆ ನ್ಯಾಯಾಲಯಕ್ಕೆ ಹೋಯಿತು. ಫೆಬ್ರುವರಿ 11ರಂದು ನ್ಯಾಯಾಧೀಶ ಜಾನ್ ಬೇಟ್ಸ್ ಪುಟಗಳನ್ನು ಮತ್ತೆ ಹಾಕಬೇಕೆಂದು ತಾತ್ಕಾಲಿಕ ಆದೇಶ ಕೊಟ್ಟರು. ಅಷ್ಟರಲ್ಲೇ ಇಂಟರ್ನೆಟ್ ಆರ್ಕೈವ್, ಸಂಶೋಧಕರು, ಸ್ವಯಂಸೇವಕರು ಪ್ರತಿಗಳನ್ನು ಉಳಿಸಿಕೊಂಡಿದ್ದರು. ತಮ್ಮ ಬದುಕಿನ ಅತ್ಯಂತ ಕಷ್ಟದ ಸಂಗತಿಯನ್ನು ಆ ಮಕ್ಕಳು ನಂಬಿಕೆಯಿಂದ ಬರೆದು ಕೊಟ್ಟಿದ್ದರು. ಅದನ್ನು ಒಂದು ಸಂಜೆಯಲ್ಲಿ ಅಳಿಸಬಹುದು ಎಂಬುದು ನನ್ನನ್ನು ಈಗಲೂ ನೋಯಿಸುತ್ತದೆ. ಮಕ್ಕಳ ದತ್ತಾಂಶದ ಒಂದು ಪ್ರತಿ ಸರ್ಕಾರದ ಹೊರಗೆ, ಯಾವುದಾದರೂ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ, ಯಾವಾಗಲೂ ಇರಬೇಕು. ಇದು ಯಾವ ಪಕ್ಷದ ಪರ ವಿರೋಧದ ಮಾತೂ ಅಲ್ಲ.

ಇನ್ನು ನಮ್ಮ ಕಡೆಗೆ ಬರೋಣ. ನಮ್ಮಲ್ಲಿ ಇಂಥ ಸಮೀಕ್ಷೆಗಳು ನಡೆದೇ ಇಲ್ಲವೆಂದಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಶಾಲಾ ವಿದ್ಯಾರ್ಥಿಗಳ ಆರೋಗ್ಯ ಸಮೀಕ್ಷೆ 2007ರಲ್ಲಿ ಸಿಬಿಎಸ್‌ಇ ಶಾಲೆಗಳಲ್ಲಿ ನಡೆಯಿತು. ಎನ್‌ಸಿಇಆರ್‌ಟಿ 2022ರ ಜನವರಿಯಿಂದ ಮಾರ್ಚ್‌ವರೆಗೆ ಆರರಿಂದ ಹನ್ನೆರಡನೇ ತರಗತಿಯ 3,79,842 ವಿದ್ಯಾರ್ಥಿಗಳನ್ನು ಮಾನಸಿಕ ಆರೋಗ್ಯದ ಬಗ್ಗೆ ಕೇಳಿತು. ಆತಂಕಕ್ಕೆ ಓದು ಕಾರಣ ಎಂದವರು ಶೇ 50, ಪರೀಕ್ಷೆ ಮತ್ತು ಫಲಿತಾಂಶ ಎಂದವರು ಶೇ 31. ವೈಆರ್‌ಬಿಎಸ್‌ನ ಮಾದರಿಗಿಂತ ಎಷ್ಟೋ ಪಟ್ಟು ದೊಡ್ಡ ಸಂಖ್ಯೆ ಇದು. ಅದು ವರದಿಯಾಗಿ ಬಂತು, ಒಂದು ವಾರ ಪತ್ರಿಕೆಗಳಲ್ಲಿ ಚರ್ಚೆಯಾಯಿತು. ಕಲಬುರಗಿಯ ಶಿಕ್ಷಕಿಯೊಬ್ಬರು ನನ್ನ ಜಿಲ್ಲೆಯ ಎಂಟನೇ ತರಗತಿ ಹುಡುಗಿಯರು ಏನೆಂದರು ಎಂದು ತಾವೇ ತೆರೆದು ಕೇಳಿಕೊಳ್ಳುವಂತಿರಲಿಲ್ಲ.

ಜಾಗತಿಕ ಯುವ ತಂಬಾಕು ಸಮೀಕ್ಷೆಯ ನಾಲ್ಕನೇ ಸುತ್ತು ನಮ್ಮಲ್ಲಿ 2019ರಲ್ಲಿ ನಡೆಯಿತು, ರಾಜ್ಯವಾರು ಫಲಿತಾಂಶವೂ ಬಂತು. 13ರಿಂದ 15 ವರ್ಷದ ವಿದ್ಯಾರ್ಥಿಗಳಲ್ಲಿ ತಂಬಾಕು ಬಳಸುವವರು ದೇಶದಲ್ಲಿ ಶೇ 8.5. ಅರುಣಾಚಲ ಪ್ರದೇಶ, ಮಿಜೋರಾಂಗಳಲ್ಲಿ ಶೇ 58ರವರೆಗೆ. ಕರ್ನಾಟಕದಲ್ಲಿ ಶೇ 1.2. ನಾವು ಹೆಮ್ಮೆಪಟ್ಟ ಅಂಕಿ ಇದು, ಹೆಮ್ಮೆಪಡುವಂಥದ್ದೂ ಹೌದು. ಆದರೆ ಈವರೆಗೆ ಹೇಳಿದ ಪ್ರಶ್ನೆಗಳನ್ನು ನಮ್ಮ ಅಂಕಿಗೂ ಕೇಳಬೇಕಲ್ಲವೇ? 2016-17ರ ವಯಸ್ಕರ ತಂಬಾಕು ಸಮೀಕ್ಷೆಯಲ್ಲಿ ಕರ್ನಾಟಕದ ವಯಸ್ಕರಲ್ಲಿ ಬಳಕೆ ಶೇ 22.8. ಶೇ 1.2 ಎಂದು ಉತ್ತರಿಸಿದ ತಲೆಮಾರು ದೊಡ್ಡದಾದಾಗ ಏನಾಗುತ್ತದೆ? ಗುಟ್ಕಾ ಹಾಕುವ ಹುಡುಗ ಹದಿನಾಲ್ಕಕ್ಕೇ ಶಾಲೆ ಬಿಟ್ಟು ಗ್ಯಾರೇಜಿಗೋ ಕಲ್ಲು ಕ್ವಾರಿಗೋ ಹೋಗಿದ್ದರೆ ಅವನು ಆ ಲೆಕ್ಕದಲ್ಲಿ ಇಲ್ಲ. ಮೇಷ್ಟ್ರು ಮಗ್ಗುಲಲ್ಲಿ ನಿಂತಿರುವಾಗ ಹೌದು ಎಂದು ಗುರುತು ಹಾಕುವ ಧೈರ್ಯ ಎಷ್ಟು ಮಕ್ಕಳಿಗೆ ಇರುತ್ತದೆ ಎಂದೂ ಯೋಚಿಸಬೇಕು. ಅಂಕಿ ತಪ್ಪೆಂದು ನಾನು ಹೇಳುತ್ತಿಲ್ಲ. ಅದನ್ನು ಬಿಡಿಸಿ ನೋಡುವ ದಾರಿ ಸಾರ್ವಜನಿಕರಿಗೆ ಇರಬೇಕು ಎನ್ನುತ್ತಿದ್ದೇನೆ.

ಹುಡುಗಿಯರ ವಿಷಯದಲ್ಲಿ ಇದು ಇನ್ನೂ ಗಂಭೀರ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ ಕರ್ನಾಟಕದ 20ರಿಂದ 24 ವರ್ಷದ ಹೆಣ್ಣುಮಕ್ಕಳಲ್ಲಿ ಶೇ 21.3ರಷ್ಟು ಮಂದಿಗೆ ಹದಿನೆಂಟು ತುಂಬುವ ಮೊದಲೇ ಮದುವೆಯಾಗಿತ್ತು. ಅವರಲ್ಲಿ ಎಷ್ಟೋ ಜನ ಎಸ್ಸೆಸ್ಸೆಲ್ಸಿಯ ಆಚೀಚೆ ತರಗತಿಯನ್ನು ಬಿಟ್ಟು ಹೋದವರೇ ಇರುತ್ತಾರೆ. ನಾಳೆ ನಾವು ಅಮೆರಿಕದ ಪದ್ಧತಿಯನ್ನು ಹಾಗೆಯೇ ತಂದು ಪಿಯುಸಿ ತರಗತಿಗಳಲ್ಲಿ ಸಮೀಕ್ಷೆ ನಡೆಸಿದರೆ ಇವರಲ್ಲಿ ಒಬ್ಬಳ ಮಾತೂ ನಮಗೆ ಕೇಳಿಸುವುದಿಲ್ಲ. ಆದ್ದರಿಂದ ನಮ್ಮ ಸಮೀಕ್ಷೆ ಶಾಲೆಯಿಂದ ಆರಂಭವಾದರೂ ಅಂಗನವಾಡಿ, ಆಶಾ ಕಾರ್ಯಕರ್ತೆಯರ ಮೂಲಕ ಶಾಲೆ ಬಿಟ್ಟವರ ಮನೆಗೂ ಹೋಗಬೇಕು. ಅತ್ತೆಯ ಮನೆಯಲ್ಲಿರುವ ಹದಿನಾರರ ಹುಡುಗಿಯನ್ನು ಒಂಟಿಯಾಗಿ ಕೂರಿಸಿ ಕೇಳುವುದು ತರಗತಿಯಲ್ಲಿ ಕೇಳುವುದಕ್ಕಿಂತ ಬಹಳ ಕಷ್ಟ, ಖರ್ಚೂ ಹೆಚ್ಚು. ಆ ಖರ್ಚನ್ನು ಮಾಡಲೇಬೇಕು.

ಉಳಿದದ್ದು ಕೆಲಸದ ವಿವರ. ಉತ್ತರಪತ್ರದಲ್ಲಿ ಹೆಸರು, ಹಾಜರಿ ಸಂಖ್ಯೆ ಇರಬಾರದು. ಸಮೀಕ್ಷೆಯ ಹೊತ್ತಿನಲ್ಲಿ ತರಗತಿ ಶಿಕ್ಷಕರು ಮಕ್ಕಳ ಸಾಲುಗಳ ನಡುವೆ ಓಡಾಡಬಾರದು, ಸಾಧ್ಯವಾದರೆ ಹೊರಗಿರಬೇಕು. ಶಾಲೆಯ ಹೆಸರಿನಲ್ಲಿ ಫಲಿತಾಂಶ ಪ್ರಕಟಿಸಬಾರದು. ಪ್ರಕಟಿಸಿದ ದಿನವೇ ಅದು ಎಸ್ಸೆಸ್ಸೆಲ್ಸಿ ಫಲಿತಾಂಶದ ಹಾಗೆ ಶ್ರೇಯಾಂಕವಾಗುತ್ತದೆ, ಮುಂದಿನ ಬಾರಿ ಮುಖ್ಯೋಪಾಧ್ಯಾಯರೇ ಉತ್ತರ ಹೇಳಿಕೊಡುತ್ತಾರೆ. ತಾಲ್ಲೂಕು ಅಥವಾ ಜಿಲ್ಲಾ ಮಟ್ಟ ಸಾಕು. ಪ್ರಶ್ನೆಪತ್ರಿಕೆಯ ಪೂರ್ತಿ ಪಠ್ಯ, ಒಪ್ಪದ ಶಾಲೆಗಳ ಪ್ರಮಾಣ, ಗೈರಾದ ಮಕ್ಕಳ ಪ್ರಮಾಣ ಇವು ಅಂಕಿಯ ಪಕ್ಕದಲ್ಲೇ ಕನ್ನಡದಲ್ಲಿ ಕಾಣಬೇಕು, ಯಾವುದೋ ಅನುಬಂಧದಲ್ಲಿ ಅಲ್ಲ. ಸಾಯಬೇಕೆನಿಸಿತ್ತೇ ಎಂದು ಕೇಳುವ ಪ್ರಶ್ನೆ ಇರುವ ಕಡೆ, ಆ ದಿನವೇ ಮಾತನಾಡಬಹುದಾದ ಒಬ್ಬ ಆಪ್ತಸಮಾಲೋಚಕರು ಶಾಲೆಯಲ್ಲಿರಬೇಕು. 2022ರ ಅಕ್ಟೋಬರಿನಲ್ಲಿ ಆರಂಭವಾದ, ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಮುನ್ನಡೆಸುತ್ತಿರುವ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆ ಪ್ರತಿ ಉತ್ತರಪತ್ರದ ಕೊನೆಯಲ್ಲಿ, ಹರಿದು ಜೇಬಿಗೆ ಹಾಕಿಕೊಳ್ಳುವಂಥ ಚೀಟಿಯಲ್ಲಿ ಅಚ್ಚಾಗಿರಬೇಕು. ಇನ್ನು ಫಲಿತಾಂಶ ಬಂದಾಗ ಅದು ಮೊದಲು ಹೋಗಬೇಕಾದದ್ದು ಉತ್ತರಿಸಿದ ಮಕ್ಕಳ ಬಳಿಗೆ. ಶಾಲೆಯ ಕಂಪ್ಯೂಟರ್ ಕೊಠಡಿಯಲ್ಲಿ ಅವರೇ ಸಲಕರಣೆ ತೆರೆದು ತಮ್ಮ ತಾಲ್ಲೂಕನ್ನು ಆರಿಸಲಿ, ಪಕ್ಕದ ತಾಲ್ಲೂಕಿನ ಜೊತೆ ಹೋಲಿಸಲಿ, ಇದು ಹೀಗೇಕೆ ಎಂದು ಎಸ್‌ಡಿಎಂಸಿ ಸಭೆಗೆ ಬಂದು ಕೇಳಲಿ. ಗಣಿತದ ಪಠ್ಯದಲ್ಲಿ ಶೇಕಡಾವಾರು, ಸರಾಸರಿಗಳನ್ನು ಅವರು ಹೇಗೂ ಕಲಿಯುತ್ತಾರೆ. ಈ ಕೊಠಡಿಯಲ್ಲಿರುವ ಗಣಿತ ಶಿಕ್ಷಕರಲ್ಲಿ ಕೆಲವರು ಮುಂದೆ ಬಂದರೆ, ಸಿಡಿಸಿಯ ತೆರೆದ ದತ್ತಾಂಶವನ್ನೇ ಬಳಸಿ ಒಂಬತ್ತನೇ ತರಗತಿಗೆ ಕನ್ನಡದಲ್ಲಿ ಅಭ್ಯಾಸಗಳನ್ನು ಸಿದ್ಧಪಡಿಸುವ ಕೆಲಸವನ್ನು ಈ ಬೇಸಿಗೆ ರಜೆಯಲ್ಲೇ ಶುರುಮಾಡಬಹುದು. ಮೊದಲ ಅಭ್ಯಾಸಕ್ಕೆ ಪೀಡನೆಯ ಆ ಮೂರು ವರ್ಷಗಳ ಅಂಕಿಗಳನ್ನೇ ಇಡೋಣ. 2021ರಲ್ಲಿ ಯಾಕೆ ಇಳಿಯಿತು ಎಂದು ಮಕ್ಕಳೇ ಕಂಡುಹಿಡಿಯಲಿ.